ತಡೆಗೋಡೆಗೆ ಯಜಮಾನರು ಯಾರು?

ಕೊಪ್ಪ ಸೀಮೆಯ ನಮ್ಮ ಹಳ್ಳಿಯಲ್ಲಿ, ನಾನು ಹುಡುಗನಾಗಿದ್ದಾಗ, ಮನೆಗೂ ಶಾಲೆಗೂ ನಡುವೆ ಒಂದು ಹಳ್ಳವಿತ್ತು. ಹಳ್ಳಕ್ಕೆ ಒಂದು ಸಂಕವಿತ್ತು. ಬಯಲುಸೀಮೆಯ ಓದುಗರಿಗೆ ಸಂಕವೆಂದರೆ ಏನೆಂದು ಹೇಳಬೇಕಾದೀತು. ನಾಲ್ಕಾರು ಅಡಿಕೆ ಮರಗಳನ್ನು ಒತ್ತಾಗಿ ಹಾಸಿ, ಅಡ್ಡಕ್ಕೆ ದಬ್ಬೆ ಕಟ್ಟಿ, ಒಂದು ಪಕ್ಕಕ್ಕೆ ಸೊಂಟದೆತ್ತರದಲ್ಲಿ ಬಿದಿರಿನ ಕೈಹಿಡಿಯೊಂದನ್ನು ನಿಲ್ಲಿಸಿದರೆ ಅದೇ ಸಂಕ. ಬೇಸಗೆಯಲ್ಲಿ ಅದರ ಅಗತ್ಯವೇ ಕಾಣದು. ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಬಹುದು. ಮೃಗಶಿರಾ ಮಳೆ ಹಿಡಿಯಿತೆಂದರೆ ಆ ಬಿದಿರಿನ ಬೆಲೆ ತಿಳಿಯುತ್ತಿತ್ತು. ಕೆಳಗೆ ಕೆಂಪು ನೀರು, ಕಾಲಡಿಯಲ್ಲಿ ಪಾಚಿಗಟ್ಟಿದ ಮರ, ತಲೆಯ ಮೇಲೆ ಕಂಬಳಿಕೊಪ್ಪೆ. ಕೈಗೆ ಬಿದಿರು ಸಿಕ್ಕಿದರೆ ಜೀವ ಸಿಕ್ಕಿದಂತೆ.

ಆ ಕೈಹಿಡಿಯನ್ನು ವರ್ಷವರ್ಷವೂ ಹೊಸದಾಗಿ ಕಟ್ಟುವುದಕ್ಕೆ ಮನೆಗಳ ನಡುವೆ ಸರದಿಯಿತ್ತು. ಒಂದು ವರ್ಷ ಮೇಲಿನ ಮನೆ, ಮರುವರ್ಷ ನಮ್ಮ ಮನೆ, ಅದರ ಮರುವರ್ಷ ಹಳ್ಳದಾಚೆಯ ಮನೆ. ಕಾಗದವಿಲ್ಲ, ಸಹಿಯಿಲ್ಲ, ಆದರೂ ಈ ವರ್ಷ ಸಂಕ ಯಾರದೆಂದು ಕೇಳಿದರೆ ಶಾಲೆಯ ಮಕ್ಕಳೂ ಹೇಳುತ್ತಿದ್ದರು. ಒಂದು ಮಳೆಗಾಲ ನಮ್ಮ ಮನೆಯ ಸರದಿ. ಅಡಿಕೆ ಕೊಯಿಲು, ಮದುವೆ, ಮತ್ತೊಂದು ಎಂದು ದೊಡ್ಡಪ್ಪ ಹಳೆಯ ಬಿದಿರನ್ನೇ ಬಿಗಿದು ಕಟ್ಟಿಸಿ ಸುಮ್ಮನಾದರು. ಆರಿದ್ರಾ ಮಳೆಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಕೈಯಿಟ್ಟಾಗ ಅದು ಮುರಿಯಿತು. ಆಕೆ ಉಳಿದಳು, ಕಾಲು ಮುರಿಯಿತು. ಜಾರುವ ಮರದ ಮೇಲೆ ಅಷ್ಟು ದೊಡ್ಡ ಹೊರೆ ಹೊತ್ತದ್ದು ಆಕೆಯದೇ ತಪ್ಪೆಂದು ನಮ್ಮ ಮನೆಯಲ್ಲಿ ಯಾರೋ ಅಂದರು. ದೊಡ್ಡಪ್ಪ ಒಪ್ಪಲಿಲ್ಲ. “ಸಂಕಕ್ಕೆ ಬಾಯಿಲ್ಲ ಮಾರಾಯ, ಅದರ ಪರವಾಗಿ ನಾವೇ ಹೇಳಬೇಕು” ಎಂದರು. ಆಕೆ ಎದ್ದು ಓಡಾಡುವವರೆಗೆ ಅವರ ಗದ್ದೆಗೆ ನಮ್ಮ ಮನೆಯ ಆಳು ಹೋಯಿತು.

ಹಳೆಯ ಕಾಲವೆಲ್ಲ ಚಿನ್ನವೆಂದು ಸಾಧಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅದೇ ಹಳ್ಳಕ್ಕೆ ಇನ್ನೂ ಕೆಳಗೆ, ಕೂಲಿಯವರ ಕೇರಿಗೆ ಹೋಗುವಲ್ಲಿ, ಮತ್ತೊಂದು ಸಂಕವಿತ್ತು. ಅದಕ್ಕೆ ಯಾರ ಸರದಿಯೂ ಇರಲಿಲ್ಲ, ಕೈಹಿಡಿಯೂ ಇರಲಿಲ್ಲ. ಯಜಮಾನನಿದ್ದ ಸಂಕ, ಯಜಮಾನನಿಲ್ಲದ ಸಂಕ ಎರಡನ್ನೂ ಹೀಗೆ ಚಿಕ್ಕಂದಿನಲ್ಲೇ ಒಂದೇ ಹಳ್ಳದ ಮೇಲೆ ನೋಡಿದವನು ನಾನು. ಈಚೆಗೆ ನಮ್ಮ ಮೂರು ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುವಾಗ ಆ ಎರಡನೆಯ ಸಂಕವೇ ನನಗೆ ಹೆಚ್ಚಾಗಿ ನೆನಪಾಗುತ್ತದೆ.

*

ನರಸಿಂಹರಾಜಪುರದಿಂದ ಕೊಪ್ಪಕ್ಕೆ, ಕೊಪ್ಪದಿಂದ ಶೃಂಗೇರಿಗೆ, ಅಲ್ಲಿಂದ ನೆಮ್ಮಾರು, ಕೆರೆಕಟ್ಟೆಗಳ ಮೇಲೆ ಘಟ್ಟದ ಅಂಚಿಗೆ ಹೋಗುವ ಪ್ರಯಾಣಿಕನು ಒಂದೇ ದಾರಿಯಲ್ಲಿ ಹೋಗುತ್ತಿದ್ದೇನೆಂದು ತಿಳಿಯುತ್ತಾನೆ. ಸರ್ಕಾರದ ಕಡತದಲ್ಲಿ ಅದು ಒಂದೇ ದಾರಿಯಲ್ಲ. ಒಂದು ತುಂಡು ರಾಜ್ಯದ್ದು, ಒಂದು ಜಿಲ್ಲೆಯ ಮುಖ್ಯರಸ್ತೆ, ಊರೊಳಗಿನ ತುಂಡು ಪಟ್ಟಣ ಪಂಚಾಯಿತಿಯದು, ಪಕ್ಕದಲ್ಲಿ ಸೇರುವುದು ಗ್ರಾಮ ಪಂಚಾಯಿತಿಯದು. ಶಿವಮೊಗ್ಗ, ತೀರ್ಥಹಳ್ಳಿಗಳ ಕಡೆಯಿಂದ ಕೊಪ್ಪ ಸೀಮೆಗೆ ಬಂದು, ಶೃಂಗೇರಿಯನ್ನು ಹಾದು, ಕಾರ್ಕಳ ಮೂಡುಬಿದಿರೆಗಳ ಮೇಲೆ ಮಂಗಳೂರಿಗೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ. ಹಿಂದೆ ಅದರ ಅಂಕಿ ೧೩, ೨೦೧೦ರ ಮರುಹೆಸರಿಕೆಯ ಮೇಲೆ ೧೬೯. ಆ ದಾರಿಯಲ್ಲಿ ‘ಎಸ್.ಕೆ. ಬಾರ್ಡರ್’ ಎಂಬ ಸ್ಥಳವೊಂದುಂಟು. ಸೌತ್ ಕೆನರಾ ಜಿಲ್ಲೆಯೆಂಬ ಹೆಸರೇ ಅಳಿದು ಎಷ್ಟೋ ಕಾಲವಾದರೂ ಆ ಗಡಿ ಜನರ ಬಾಯಲ್ಲಿ ಉಳಿದಿದೆ. ಗಡಿಗಳು ಹೀಗೆ ಉಳಿಯುತ್ತವೆ. ಹೊಣೆಗಳು ಮಾತ್ರ ಉಳಿಯುವುದಿಲ್ಲ.

ಈ ದಾರಿಗಳಿಗೆ ಎರಡು ಬಗೆಯ ಅಪಾಯ. ಒಂದು ಪಕ್ಕಕ್ಕೆ ಕಡಿದ ಧರೆ. ಅದು ಮೇಲಿಂದ ಕುಸಿಯುತ್ತದೆ. ಇನ್ನೊಂದು ಪಕ್ಕಕ್ಕೆ ಕಣಿವೆ, ತೋಟ, ಇಲ್ಲವೆ ನೆಮ್ಮಾರಿನ ಕಡೆಯಂತೆ ಜೊತೆಗೇ ಹರಿಯುವ ತುಂಗೆ. ಅಲ್ಲಿಗೆ ವಾಹನ ಉರುಳುತ್ತದೆ. ಕನ್ನಡಿಗರು ಎರಡನ್ನೂ ತಡೆಯುವ ಗೋಡೆಗೆ ಒಂದೇ ಹೆಸರಿಟ್ಟಿದ್ದಾರೆ, ತಡೆಗೋಡೆ ಎಂದು. ಬೆಂಗಳೂರು–ಮೈಸೂರಿನ ಹೊಸ ಹೆದ್ದಾರಿಯಂಥ ದಾರಿಯಲ್ಲಾದರೆ ಎದುರಿನ ವಾಹನಕ್ಕೆ ಡಿಕ್ಕಿಯಾಗದಂತೆ ನಟ್ಟನಡುವೆ ವಿಭಜಕವಿರುತ್ತದೆ. ನಮ್ಮ ಕಡೆಯ ಎರಡು ಗಾಡಿ ಅಗಲದ ರಸ್ತೆಯಲ್ಲಿ ನಡುವೆ ಬಿಳಿಯ ಗೆರೆಯೊಂದಿದ್ದರೆ ಅದೇ ಹೆಚ್ಚು. ಪ್ರಾಣ ಉಳಿಸುವ ಕೆಲಸವೆಲ್ಲ ಅಂಚಿನ ಮೇಲೆ ಬಿದ್ದಿದೆ.

ಆ ಅಂಚಿನಲ್ಲಿ ನಡೆದು ಹೋದರೆ ರಸ್ತೆಯ ಚರಿತ್ರೆಯನ್ನೇ ಓದಬಹುದು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸುಮಾರು ೧,೬೦೦ ಮೈಲಿ ರಸ್ತೆಯಾಯಿತೆಂದು ಹೇಳುತ್ತಾರೆ. ಎತ್ತಿನ ಗಾಡಿಗೆಂದು ಕಡಿದ ಇಂಥ ದಾರಿಗಳ ಅಂಚಿಗೆ ಸಾಲುಗಲ್ಲು ನೆಡುತ್ತಿದ್ದರು. ಸುಣ್ಣ ಬಳಿದ ಆ ಕಲ್ಲು ಗಾಡಿಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ‘ದಾರಿ ಇಲ್ಲಿಗೆ ಮುಗಿಯಿತು’ ಎಂದು ಹೇಳುತ್ತಿತ್ತು. ಅದರ ಮುಂದೆ ಮೋರಿಗಳ ಮೇಲೆ ಕಲ್ಲಿನ ಕಟ್ಟೆ. ಅದರ ಮುಂದೆ ಸಿಮೆಂಟಿನ ಗೋಡೆ. ಈಗ ಎರಡು ಮಡಿಕೆಯ ಉಕ್ಕಿನ ಪಟ್ಟಿ. ಎಲ್ಲವೂ ಒಂದೇ ತಿರುವಿನಲ್ಲಿ ಒಂದರ ಪಕ್ಕ ಒಂದು ನಿಂತಿರುವುದುಂಟು, ಒಂದೊಂದೂ ತನ್ನ ಕಾಲದಲ್ಲಿ ಹೊಸದಾಗಿ, ಈಗ ಅರ್ಧ ಮುರಿದು. ಕಟ್ಟಿದವರು ಅನೇಕರು. ಕಾದವರು ಯಾರೆಂಬ ಪ್ರಶ್ನೆಗೆ ಮಾತ್ರ ಉತ್ತರ ಸುಲಭವಲ್ಲ.

ನರಸಿಂಹರಾಜಪುರದ ಹಿರಿಯರಿಗೆ ಇದರ ವ್ಯತ್ಯಾಸ ಬೇಗ ತಿಳಿದೀತು. ಎಡೇಹಳ್ಳಿ ಎಂಬ ಹಳೆಯ ಹೆಸರಿನ ಆ ಊರಿಗೆ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ತರೀಕೆರೆಯ ಕಡೆಯಿಂದ ಕಿರಿದಾದ ಹಳಿಯ ಮೇಲೆ ಟ್ರಾಮು ಬರುತ್ತಿತ್ತು. ಟ್ರಾಮು ಹೋಯಿತು, ಭದ್ರೆಗೆ ಅಣೆಕಟ್ಟಾಯಿತು. ಆದರೆ ಹಳಿಯೆಂಬುದು ಎಲ್ಲೇ ಇರಲಿ, ಅದಕ್ಕೊಬ್ಬ ಯಜಮಾನನಿರುತ್ತಾನೆ. ಹಳಿಯ ಮೇಲೆ ಓಡುವ ಗಾಡಿಯೂ ಅವನದೇ, ಹಳಿಯೂ ಅವನದೇ. ಗಾಡಿ ಉರುಳಿದರೆ ಹಳಿಯನ್ನು ನೋಡದೆ ಇರಲಾರ. ಅದಕ್ಕೇ ರೈಲ್ವೆಯ ಆಳು ಕೀಲಿ ಸುತ್ತಿಗೆ ಹಿಡಿದು ತನ್ನ ಪಾಲಿನ ದಾರಿಯನ್ನು ನಡೆದು ನೋಡುತ್ತಾನೆ. ರಸ್ತೆಯ ಮಾತು ಹಾಗಲ್ಲ. ಗಾಡಿ ಒಬ್ಬನದು, ದಾರಿ ಇನ್ನೊಬ್ಬನದು. ಗಾಡಿ ಉರುಳಿದಾಗ ದಾರಿಯವನು ದೂರ ನಿಂತು ನೋಡಬಹುದು.

*

ನನ್ನ ಚಿಕ್ಕಪ್ಪನ ಮಗನೊಬ್ಬ ಕೆಲವು ವರ್ಷಗಳ ಹಿಂದೆ ಹೀಗೆ ಉರುಳಿದ. ಆಷಾಢದ ಒಂದು ಸಂಜೆ, ಗೆಳೆಯನ ಬೈಕಿನಲ್ಲಿ ಮನೆಗೆ ಬರುತ್ತಿದ್ದವನು, ಮಂಜು ಮುಚ್ಚಿದ ಒಂದು ತಿರುವಿನಲ್ಲಿ ಅಂಚು ದಾಟಿ ಕೆಳಗಿನ ಕಾಫಿ ತೋಟಕ್ಕೆ ಬಿದ್ದ. ಅಲ್ಲಿದ್ದ ಉಕ್ಕಿನ ಪಟ್ಟಿಯನ್ನು ತಿಂಗಳುಗಳ ಹಿಂದೆ ಲಾರಿಯೊಂದು ಮುರಿದಿತ್ತು. ಎರಡು ಕಂಬಗಳ ನಡುವೆ ಬರಿಯ ಬಾಯಿ. ತೋಟದ ಆಳುಗಳು ಹಸಿರು ಕೊಂಬೆಯೊಂದನ್ನು ಕಡಿದು ಅಲ್ಲಿ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರಂತೆ. ಮಳೆಗೆ ಅದೂ ಮಲಗಿತ್ತು.

ಆತ ಬದುಕಿದ. ಇಂದಿಗೂ ಕೋಲಿಲ್ಲದೆ ನಡೆಯಲಾರ. ಪೊಲೀಸರ ಕಾಗದದಲ್ಲಿ ಕಾರಣವೆಂದು ಬರೆದದ್ದು ಎರಡೇ ಮಾತು: ಅತಿವೇಗ, ಅಜಾಗರೂಕತೆ. ವೇಗ ಎಷ್ಟಿತ್ತೆಂದು ಅಳೆದವರಿಲ್ಲ. ಪಟ್ಟಿ ಎಷ್ಟು ದಿನದಿಂದ ಇರಲಿಲ್ಲವೆಂದು ಕೇಳಿದವರೂ ಇಲ್ಲ. ನಾನು ಒಂದು ಕಚೇರಿಗೆ ಹೋಗಿ ಕೇಳಿದೆ. ಆ ತುಂಡು ನಮ್ಮದಲ್ಲವೆಂದರು. ಎರಡನೆಯ ಕಚೇರಿಯಲ್ಲಿ, ತುಂಡು ನಮ್ಮದೇ, ಆದರೆ ಪಟ್ಟಿ ಹಾಕಿದವರು ಗುತ್ತಿಗೆದಾರರು, ಅವರ ಅವಧಿ ಮುಗಿದಿದೆ ಎಂದರು. ಎರಡು ಕಡೆಯೂ ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಮಾತನಾಡಿಸಿದರು. ನಾಲ್ಕನೆಯ ಸಲ ಹೋಗುವುದರೊಳಗೆ ನನಗೇ ಬೇಸರವಾಯಿತು; ಅದನ್ನೂ ಒಪ್ಪಿಕೊಳ್ಳಬೇಕು. ಕಚೇರಿಗಳನ್ನು ಬಿಟ್ಟು ಪುಸ್ತಕಗಳನ್ನು ಹಿಡಿದೆ. ದಾರಿಯಲ್ಲಿ ಆದ ಕೇಡಿಗೆ ಸವಾರನನ್ನೇ ಕೇಳುವ ಈ ಅಭ್ಯಾಸ ಎಲ್ಲಿಂದ ಬಂತೆಂದು ನೋಡಬೇಕೆನಿಸಿತು.

ಅದು ಬಹಳ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದಾದ ಕೇಡಿನ ವಿಚಾರ ಬರುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಇಲ್ಲವೆ ಗಾಲಿ ಮುರಿದರೆ, ಹಗ್ಗ ಕಿತ್ತರೆ, ‘ದಾರಿ ಬಿಡಿ’ ಎಂದು ಕೂಗಿದ್ದರೆ ದಂಡವಿಲ್ಲ. ಹೊಡೆಯುವವನಿಗೆ ಕೆಲಸ ಬಾರದೆ ಗಾಡಿ ದಾರಿ ತಪ್ಪಿದರೆ ಒಡೆಯನಿಗೆ ೨೦೦ ಪಣ ದಂಡ. ಕೆಲಸ ಬಲ್ಲವನಾಗಿಯೂ ತಪ್ಪಿದರೆ ಹೊಡೆಯುವವನಿಗೇ ದಂಡ. ಬಾರದವನೆಂದು ತಿಳಿದೂ ಏರಿ ಕುಳಿತವರಿಗೂ ತಲಾ ನೂರು ಪಣ. ಎಷ್ಟು ಸೂಕ್ಷ್ಮವಾದ ವಿಚಾರ! ಎತ್ತು, ಹಗ್ಗ, ನೊಗ, ಗಾಲಿ, ಸಾರಥಿ, ಒಡೆಯ, ಪ್ರಯಾಣಿಕ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ್ದಾಯಿತು. ಗಾಡಿಯ ಕೆಳಗಿನ ದಾರಿಯೊಂದನ್ನೇ ಕೇಳಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ದಾರಿಯನ್ನು ಮರೆಯುವುದಿಲ್ಲ. ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ದಾರಿಗೆ ಅಡ್ಡಿ ಮಾಡಿದವನಿಗೆ ೧೨ ಪಣ, ದೊಡ್ಡ ಪಶುಗಳ ದಾರಿಗಾದರೆ ೨೪ ಪಣ ಎಂದು ದಾರಿಯ ಹಿರಿಮೆಗೆ ತಕ್ಕಂತೆ ದಂಡ ಏರುತ್ತ ಹೋಗುತ್ತದೆ. ಆದರೆ ಅದು ದಾರಿಯನ್ನು ಕೆಡಿಸಿದ ಪ್ರಜೆಗೆ ವಿಧಿಸಿದ ದಂಡ. ಕೆಟ್ಟ ದಾರಿಯನ್ನು ಹಾಗೇ ಬಿಟ್ಟ ಅಧಿಕಾರಿಗೆ, ಆ ದಾರಿಯಲ್ಲಿ ಬಿದ್ದವನು ಲೆಕ್ಕ ಕೇಳುವ ಮಾತಲ್ಲ.

*

ಇಂಗ್ಲೆಂಡಿನವರು ಈ ವಿಚಾರದಲ್ಲಿ ನಮಗಿಂತ ಮುಂದಿದ್ದರೆಂದು ಭಾವಿಸಬೇಕಾಗಿಲ್ಲ. ೧೭೮೮ರಲ್ಲಿ ಡೆವನ್ ಎಂಬ ಕೌಂಟಿಯಲ್ಲಿ ಸೇತುವೆಯೊಂದು ಕೆಟ್ಟುನಿಂತಿತ್ತು. ಅದರ ಮೇಲೆ ರಸಲ್ ಎಂಬವನ ಗಾಡಿ ಜಖಂ ಆಯಿತು. ಸೇತುವೆಯನ್ನು ಸರಿಯಾಗಿಟ್ಟುಕೊಳ್ಳುವುದು ಕೌಂಟಿಯ ಜನರ ಕರ್ತವ್ಯ. ಆದ್ದರಿಂದ ಅವನು ಡೆವನ್ನಿನ ಜನರ ಮೇಲೆಯೇ ದಾವೆ ಹೂಡಿದ. ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಇಂಥದಕ್ಕೆ ಒಮ್ಮೆ ಬಾಗಿಲು ತೆರೆದರೆ ದಾವೆಗಳಿಗೆ ಕೊನೆಯಿರದು. ಸಾರ್ವಜನಿಕರೆಲ್ಲರಿಗೆ ತೊಂದರೆಯಾಗುವುದಕ್ಕಿಂತ ಒಬ್ಬನು ನಷ್ಟ ಅನುಭವಿಸುವುದೇ ಮೇಲು, ಎಂಬುದು ಅಲ್ಲಿನ ತರ್ಕ. ಅದರಿಂದ ಬೆಳೆದ ನಿಯಮ ವಿಚಿತ್ರವಾದದ್ದು: ರಸ್ತೆಯ ಅಧಿಕಾರಿ ಕೆಲಸ ಮಾಡಹೋಗಿ ಕೆಡಿಸಿದರೆ ಹೊಣೆ, ಏನನ್ನೂ ಮಾಡದೆ ಕೈಕಟ್ಟಿ ಕುಳಿತರೆ ಹೊಣೆಯಿಲ್ಲ. ಹಳ್ಳ ತೋಡಿ ಮುಚ್ಚದವನು ತಪ್ಪಿತಸ್ಥ. ತಾನಾಗಿ ಬಿದ್ದ ಹಳ್ಳವನ್ನು ಹತ್ತು ವರ್ಷ ನೋಡುತ್ತಿದ್ದವನು ನಿರ್ದೋಷಿ! ಈ ನಿಯಮ ನೂರೆಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ಅದನ್ನು ತೆಗೆದುಹಾಕಿದ್ದು ೧೯೬೧ರ ಕಾಯಿದೆ.

ನಮ್ಮ ದೇಶದಲ್ಲಿ ಸರ್ಕಾರದ ಮೇಲೆ ದಾವೆ ಹೂಡಬಹುದೇ ಎಂಬ ದೊಡ್ಡ ಪ್ರಶ್ನೆ ಇತ್ಯರ್ಥವಾದದ್ದೂ ಒಂದು ರಸ್ತೆಯ ಅಪಘಾತದಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಕಲ್ಕತ್ತೆಯಲ್ಲಿ ಕಿದರ್‌ಪುರದ ಸರ್ಕಾರಿ ಹಡಗುಕಟ್ಟೆಯ ಆಳುಗಳು ಭಾರವಾದ ಕಬ್ಬಿಣದ ತುಂಡೊಂದನ್ನು ರಸ್ತೆಗೆ ಅಡ್ಡವಾಗಿ ಹೊತ್ತೊಯ್ಯುತ್ತಿದ್ದರು. ಹಡಗಿನ ಕಂಪನಿಯೊಂದರ ಕುದುರೆಗಾಡಿ ಅಲ್ಲಿಗೆ ಬಂತು. ಆಳುಗಳು ಗಾಬರಿಯಾಗಿ ಕಬ್ಬಿಣವನ್ನು ಕೆಳಗೆ ಬಿಟ್ಟರು; ಸದ್ದಿಗೆ ಬೆದರಿದ ಕುದುರೆ ನುಗ್ಗಿ ಗಾಯಗೊಂಡಿತು. ಕೇಳಿದ ಪರಿಹಾರ ೩೫೦ ರೂಪಾಯಿ. ೧೮೬೧ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಸರ್ಕಾರವೇ ಹೊಣೆಯೆಂದು ತೀರ್ಪಿತ್ತ. ಸಾಮಾನ್ಯ ವ್ಯಾಪಾರಿಯೂ ಮಾಡಬಹುದಾದ ಕೆಲಸವನ್ನು ಸರ್ಕಾರ ಮಾಡಿದರೆ ವ್ಯಾಪಾರಿಯ ಹೊಣೆಯೇ ಅದಕ್ಕೂ ಎಂದ. ಆದರೆ ಸೇನೆಯಂಥ, ಅರಸನೇ ಮಾಡಬೇಕಾದ ಕೆಲಸ ಬೇರೆ ಎಂದು ಒಂದು ಗೆರೆಯನ್ನೂ ಎಳೆದ. ಮುಂದೆ ಎಷ್ಟೋ ಮೊಕದ್ದಮೆಗಳಲ್ಲಿ ಸರ್ಕಾರಗಳು ಆ ಗೆರೆಯ ಆಚೆಗೆ ಹೋಗಿ ನಿಂತುಕೊಂಡವು. ಕುದುರೆ ಬೆದರಿದರೆ ಪರಿಹಾರವುಂಟು, ದಾರಿ ಕೆಟ್ಟರೆ? ಆ ಪ್ರಶ್ನೆ ಹಾಗೇ ಉಳಿಯಿತು.

*

ಇಷ್ಟಕ್ಕೂ ತಡೆಗೋಡೆಯನ್ನು ಒಮ್ಮೆ ಕಟ್ಟಿದ ಮೇಲೆ ಕಾಯುವುದೇನಿದೆ, ಎಂದು ಕೆಲವರು ಕೇಳಬಹುದು. ಅದರ ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಈ ಮಾತು ಬರಲಾರದು.

ಉಕ್ಕಿನ ಪಟ್ಟಿ ಗೋಡೆಯಂತೆ ನಿಂತು ವಾಹನವನ್ನು ತಡೆಯುವುದಿಲ್ಲ. ಅದು ಹಗ್ಗದಂತೆ ಎಳೆದು ತಿರುಗಿಸುತ್ತದೆ. ಕಾರು ಓರೆಯಾಗಿ ಬಂದು ಒರಗಿದಾಗ ಕಂಬಗಳು ಬಾಗುತ್ತವೆ, ಪಟ್ಟಿ ಬಿಗಿಯುತ್ತದೆ, ಆ ಬಿಗಿತಕ್ಕೆ ಕಾರು ಮತ್ತೆ ದಾರಿಯ ಕಡೆಗೆ ಹೊರಳುತ್ತದೆ. ಬಿಗಿತ ಬರಬೇಕಾದರೆ ಪಟ್ಟಿಯ ಎರಡು ತುದಿಗಳೂ ನೆಲಕ್ಕೆ ಭದ್ರವಾಗಿ ಕಚ್ಚಿರಬೇಕು; ನಡುವಣ ಬೋಲ್ಟುಗಳೆಲ್ಲ ಇರಬೇಕು. ಒಂದು ತುಂಡು ಹೋದರೆ ಅದರ ಎರಡು ಪಕ್ಕದ ತುಂಡುಗಳೂ ಸಡಿಲ. ಮೊಂಡಾಗಿ ಬಿಟ್ಟ ತುದಿ ಎದುರು ಬಂದ ಕಾರಿಗೆ ಈಟಿಯಾಗುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಮರು ಹಾಕಿದಂತೆಲ್ಲ ನೆಲ ಏರುತ್ತದೆ, ಪಟ್ಟಿ ಇದ್ದಲ್ಲೇ ಇರುತ್ತದೆ. ಕೆಲವು ವರ್ಷಗಳಲ್ಲಿ ಅದು ವಾಹನವನ್ನು ತಡೆಯುವ ಬದಲು ಎಡವಿಸಿ ಆಚೆಗೆ ಹಾರಿಸುವಷ್ಟು ತಗ್ಗಾಗುತ್ತದೆ. ಇದರ ಮೇಲೆ ನಮ್ಮ ಮಳೆ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಗೆ ಅಡ್ಡ ಹರಿದು, ಕಂಬದ ಬುಡದ ಮಣ್ಣನ್ನೇ ಕೊಚ್ಚುತ್ತದೆ. ಹೊರಗಿನಿಂದ ನೋಡಿದರೆ ಪಟ್ಟಿ ನೆಟ್ಟಗಿದೆ, ಬುಡದಲ್ಲಿ ನೆಲವಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ೨೦೧೫ರಲ್ಲಿ ತಡೆಗೋಡೆಗಳಿಗೆಂದೇ ಒಂದು ಕೈಪಿಡಿ ಹೊರಡಿಸಿದೆ. ತಿಳಿದವರು ಇಲ್ಲವೆನ್ನುವಂತಿಲ್ಲ.

ಅಮೆರಿಕದವರು ನಡುರಸ್ತೆಯ ಕಾಂಕ್ರೀಟು ಗೋಡೆಗೆ ಕೈಹಾಕಿದ ಕತೆಯಲ್ಲೂ ಇದೇ ಪಾಠವಿದೆ. ೧೯೪೦ರ ದಶಕದ ನಡುವಿನಲ್ಲಿ ಕ್ಯಾಲಿಫೋರ್ನಿಯದ ಟೆಹಾಚಪಿ ಬೆಟ್ಟ ಇಳಿಯುವ ಹೆದ್ದಾರಿಯಲ್ಲಿ ಅಂಥ ಗೋಡೆ ಎದ್ದಿತು. ನಮ್ಮ ಘಾಟಿಗಳಲ್ಲಿ ಆಗುವಂತೆ ಅಲ್ಲಿಯೂ ಇಳಿಜಾರಿನಲ್ಲಿ ಹಿಡಿತ ತಪ್ಪಿದ ಲಾರಿಗಳು ನಡುವಿನ ಬೇಲಿಯನ್ನು ಮುರಿದು ಎದುರು ದಾರಿಗೆ ನುಗ್ಗುತ್ತಿದ್ದವು. ಬೇಲಿಯನ್ನು ಪದೇ ಪದೇ ರಿಪೇರಿ ಮಾಡುವುದು ಖರ್ಚಿನ ಕೆಲಸ. ಓಡುವ ವಾಹನಗಳ ನಡುವೆ ನಿಂತು ರಿಪೇರಿ ಮಾಡುವ ಆಳುಗಳ ಜೀವಕ್ಕೂ ಅಪಾಯ. ೧೯೫೫ರಲ್ಲಿ ನ್ಯೂಜೆರ್ಸಿ ರಾಜ್ಯ ೧೮ ಅಂಗುಲದ ಗೋಡೆ ಕಟ್ಟಿ ನೋಡಿತು; ಸಾಲದೆನ್ನಿಸಿ ಎತ್ತರಿಸುತ್ತ ೧೯೫೯ರ ಹೊತ್ತಿಗೆ ೩೨ ಅಂಗುಲಕ್ಕೆ ತಂದಿತು. ಬುಡದಲ್ಲಿ ಅಗಲವಾಗಿ, ಮೇಲೆ ಕಿರಿದಾಗಿ ಇಳಿಜಾರಾಗಿರುವ ಆ ಗೋಡೆಯ ಬುಡವನ್ನು ಗಾಲಿ ಸ್ವಲ್ಪ ಹತ್ತಿ ಮತ್ತೆ ದಾರಿಗೆ ಇಳಿಯುತ್ತದೆ. ಈಗ ಲೋಕವೆಲ್ಲ ಅದನ್ನು ಜೆರ್ಸಿ ಗೋಡೆಯೆಂದೇ ಕರೆಯುತ್ತದೆ. ರಿಪೇರಿಯ ಕಷ್ಟವನ್ನು ಲೆಕ್ಕಕ್ಕೆ ಹಿಡಿದವರು ಗೋಡೆಯ ಆಕಾರವನ್ನೇ ಬದಲಿಸಿದರು. ಲೆಕ್ಕಕ್ಕೆ ಹಿಡಿಯದವರು ಕೆಂಪು ಬಟ್ಟೆ ಕಟ್ಟುತ್ತಾರೆ.

ನನ್ನ ತಮ್ಮನ ವಿಷಯದಲ್ಲಿ ಪಟ್ಟಿ ಇದ್ದಿದ್ದರೆ ಪೆಟ್ಟೇ ಆಗುತ್ತಿರಲಿಲ್ಲವೆಂದು ನಾನು ಸಾಧಿಸಲಾರೆ. ಬೈಕಿನ ಸವಾರನಿಗೆ ಆ ಕಂಬಗಳೇ ಮೈಮುರಿಯುವ ವಸ್ತುಗಳು. ಆದರೆ ಆತ ರಸ್ತೆಯ ಮೇಲೆ ಬೀಳುತ್ತಿದ್ದ, ಕಣಿವೆಗಲ್ಲ. ಅವನ ಪಾಲಿನ ತಪ್ಪು ಎಷ್ಟು, ದಾರಿಯ ಪಾಲಿನದೆಷ್ಟು ಎಂದು ತೂಗುವುದಕ್ಕೆ ತಕ್ಕಡಿಯ ಎರಡು ತಟ್ಟೆಯೂ ಬೇಕು. ನಮ್ಮ ತಕ್ಕಡಿಗೆ ಒಂದೇ ತಟ್ಟೆ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ನೂರಕ್ಕೆ ೭೧ ಸಾವುಗಳಿಗೆ ಅತಿವೇಗ ಕಾರಣವೆಂದು ಸರ್ಕಾರದ ವರದಿ ಹೇಳುತ್ತದೆ. ವೇಗ ಕೊಲ್ಲುತ್ತದೆಂಬುದು ಸುಳ್ಳಲ್ಲ. ಆದರೆ ಆ ಅಂಕಿ ನಮ್ಮ ಚಿಕ್ಕಪ್ಪನ ಮಗನಿಗೆ ಬರೆದಂಥ ಕಾಗದಗಳ ಮೊತ್ತವೆಂಬುದನ್ನೂ ನೆನಪಿನಲ್ಲಿಡಬೇಕು.

*

ದಾರಿಯನ್ನು ಕೇಳದೆ ಇರುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಕೂಡಿತು. ಅದು ಒಳ್ಳೆಯ ಉದ್ದೇಶದಿಂದಲೇ ಬಂದದ್ದು. ೧೯೩೯ರ ಮೋಟಾರು ವಾಹನ ಕಾಯಿದೆ ವಾಹನಗಳಿಗೆ ವಿಮೆಯನ್ನು ಕಡ್ಡಾಯ ಮಾಡಿತು. ೧೯೪೬ರಿಂದ ಅದು ಜಾರಿಗೆ ಬಂತು. ೧೯೫೬ರ ತಿದ್ದುಪಡಿಯಿಂದ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿಯಾಯಿತು. ಬಡವರಿಗೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಆದರೆ ಹಣ ಕೊಡಲು ವಿಮಾ ಕಂಪನಿಯೊಂದು ಸಿಕ್ಕಿದ ಮೇಲೆ ರಸ್ತೆಯ ಯಜಮಾನನನ್ನು ಹುಡುಕುವವರು ಕಡಮೆಯಾದರು. ಎರಡು ವಾಹನಗಳು ಡಿಕ್ಕಿಯಾದರೆ ಯಾವುದೋ ಒಂದರ ವಿಮೆ ಕೊಡುತ್ತದೆ. ಒಂಟಿ ವಾಹನ ತಾನಾಗಿ ಅಂಚಿಗೆ ಉರುಳಿದರೆ? ೨೦೦೯ರಲ್ಲಿ ಸುಪ್ರೀಂ ಕೋರ್ಟು ನಮ್ಮದೇ ರಾಜ್ಯದಿಂದ ಹೋದ ಒಂದು ಮೊಕದ್ದಮೆಯಲ್ಲಿ, ಎರವಲು ತಂದ ಬೈಕಿನ ಸವಾರ ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆಂದು ಹೇಳಿತು. ೨೦೨೫ರ ಜುಲೈಯಲ್ಲಿ, ಅರಸೀಕೆರೆಯ ಕಡೆಗೆ ಹೋಗುತ್ತಿದ್ದ ಕಾರೊಂದು ಮಗುಚಿದ ಮೊಕದ್ದಮೆಯಲ್ಲಿ, ಸ್ವಂತ ಅಜಾಗರೂಕತೆಯಿಂದ ಸತ್ತ ಚಾಲಕನ ಮನೆಯವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲವೆಂದ ಹೈಕೋರ್ಟಿನ ತೀರ್ಪನ್ನು ಅದು ಎತ್ತಿಹಿಡಿಯಿತು. ತನ್ನ ತಪ್ಪಿನ ಲಾಭವನ್ನು ತಾನೇ ಪಡೆಯಬಾರದೆಂಬ ನಿಯಮ ನ್ಯಾಯವೇ ಸರಿ. ಅದರಿಂದಲೇ, ‘ಅತಿವೇಗ, ಅಜಾಗರೂಕತೆ’ ಎಂಬ ಎರಡು ಮಾತನ್ನು ಬರೆಯುವ ಲೇಖನಿ ಎಷ್ಟು ಭಾರವಾದದ್ದೆಂದು ತಿಳಿಯಬೇಕು. ಅಂಚಿನ ಸ್ಥಿತಿಯನ್ನು ನೋಡದೆ ಆ ಮಾತು ಬರೆದರೆ, ಒಂದು ಮನೆಯ ಅನ್ನವನ್ನೇ ಅಳಿಸಿದಂತಾದೀತು.

ನ್ಯಾಯಾಲಯಗಳು ದಾರಿಯ ಕಡೆಗೆ ತಿರುಗಿ ನೋಡಿಯೇ ಇಲ್ಲವೆನ್ನಲಾಗದು. ದೆಹಲಿಯ ಚಾಂದನಿ ಚೌಕದ ಗಡಿಯಾರದ ಗೋಪುರ ೧೯೫೧ರಲ್ಲಿ ಕುಸಿದು ದಾರಿಯಲ್ಲಿದ್ದವರು ಸತ್ತರು. ಕಟ್ಟಡದೊಳಗಿನ ದೋಷ ಹೊರಗೆ ಕಾಣುತ್ತಿರಲಿಲ್ಲವೆಂದು ಪುರಸಭೆ ವಾದಿಸಿತು. ೧೯೬೬ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ದಾರಿಯ ಪಕ್ಕದ ಕಟ್ಟಡದ ಒಡೆಯನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಲೇಬೇಕು, ಕಾಣಲಿಲ್ಲವೆಂಬುದು ಉತ್ತರವಲ್ಲ ಎಂದಿತು. ಆದರೆ ರಾಜಕೋಟೆಯಲ್ಲಿ ರಸ್ತೆಬದಿಯ ಮರ ಬಿದ್ದು ದಾರಿಹೋಕನೊಬ್ಬ ಸತ್ತಾಗ, ೧೯೯೭ರಲ್ಲಿ ಅದೇ ನ್ಯಾಯಾಲಯ ನಗರಸಭೆಯನ್ನು ಹೊಣೆ ಮಾಡಲಿಲ್ಲ. ಗೋಪುರಕ್ಕೆ ಒಂದು ನ್ಯಾಯ, ಮರಕ್ಕೆ ಒಂದು. ೨೦೧೯ರ ಜುಲೈಯಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿನ ರಸ್ತೆಗುಂಡಿಗಳ ವಿಚಾರದಲ್ಲಿ, ಸುಸ್ಥಿತಿಯ ರಸ್ತೆ ನಾಗರಿಕರ ಜೀವಿಸುವ ಹಕ್ಕಿನ ಭಾಗವೆಂದೂ, ಕೆಟ್ಟ ರಸ್ತೆಯಿಂದ ಕೇಡಾದರೆ ಆಗಿನ ಮಹಾನಗರ ಪಾಲಿಕೆ ಪರಿಹಾರ ಕೊಡಬೇಕೆಂದೂ ಹೇಳಿತು. ೨೦೨೫ರ ಅಕ್ಟೋಬರಿನಲ್ಲಿ ಬೊಂಬಾಯಿಯ ಹೈಕೋರ್ಟು ಗುಂಡಿಯಿಂದಾದ ಸಾವಿಗೆ ಆರು ಲಕ್ಷ ರೂಪಾಯಿ ಎಂದು ಮೊತ್ತವನ್ನೇ ಗೊತ್ತುಮಾಡಿತು. ಇವೆಲ್ಲ ಹೆಚ್ಚಾಗಿ ನಗರದ ಗುಂಡಿಗಳ ಮಾತು. ಕಾಡಿನ ತಿರುವಿನಲ್ಲಿ ಕಳಚಿಬಿದ್ದ ತಡೆಪಟ್ಟಿಯವರೆಗೆ ಅದು ನಡೆದು ಬರಬೇಕು.

ಬರುವುದಕ್ಕೆ ದಾರಿಯೇನೋ ಇದೆ. ರಾಷ್ಟ್ರೀಯ ಹೆದ್ದಾರಿಗಳನ್ನು ಸುಸ್ಥಿತಿಯಲ್ಲಿಡುವುದು ಕೇಂದ್ರ ಸರ್ಕಾರದ ಹೊಣೆಯೆಂದು ೧೯೫೬ರ ಕಾಯಿದೆಯ ಐದನೆಯ ಕಲಮೇ ಹೇಳುತ್ತದೆ. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ೧೯೮-ಎ ಎಂಬ ಹೊಸ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ಸುರಕ್ಷತೆಯ ನಿಯಮ ಮೀರಿ ಸಾವು ಇಲ್ಲವೆ ಅಂಗವೈಕಲ್ಯವಾದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ಒಂದು ಲಕ್ಷ ರೂಪಾಯಿಯವರೆಗೆ ದಂಡ. ತೀರ್ಮಾನ ಮಾಡುವಾಗ ನ್ಯಾಯಾಲಯ ನೋಡಬೇಕಾದ ಅಂಶಗಳನ್ನೂ ಅಲ್ಲಿ ಕೊಟ್ಟಿದೆ: ರಸ್ತೆ ಎಂಥದು, ವಾಹನಸಂಚಾರ ಎಷ್ಟು, ಜನ ಎಂಥ ಸ್ಥಿತಿಯನ್ನು ನಿರೀಕ್ಷಿಸಬಹುದಾಗಿತ್ತು, ಅಪಾಯ ಅಧಿಕಾರಿಗೆ ಗೊತ್ತಿತ್ತೇ ಅಥವಾ ಗೊತ್ತಿರಬೇಕಾಗಿತ್ತೇ, ಎಚ್ಚರಿಕೆಯ ಫಲಕವಿತ್ತೇ. ಇಂಗ್ಲೆಂಡಿನ ೧೯೬೧ರ ಕಾಯಿದೆಯ ಪಟ್ಟಿಯನ್ನು ನೋಡಿದವರಿಗೆ ಇದು ಪರಿಚಿತವಾಗಿ ಕಾಣುತ್ತದೆ. ಆದರೆ ಅಲ್ಲಿ ಹಣ ಬಿದ್ದವನಿಗೆ. ತಾನು ಸಾಕಷ್ಟು ಎಚ್ಚರ ವಹಿಸಿದ್ದೆನೆಂದು ಸಾಧಿಸಬೇಕಾದದ್ದು ಅಧಿಕಾರಿ. ಇಲ್ಲಿ ದಂಡ ಸರ್ಕಾರ ನಡೆಸುವ ಅಪಘಾತ ನಿಧಿಗೆ.

ಆದರೂ ಆ ಪಟ್ಟಿಯಲ್ಲಿ ಒಂದು ಮಾತು ನನಗೆ ಬಹಳ ಮುಖ್ಯವೆಂದು ತೋರುತ್ತದೆ: ಗೊತ್ತಿರಬೇಕಾಗಿತ್ತೇ? ಗೊತ್ತಿತ್ತೆಂದು ಸಾಧಿಸಬೇಕಾದರೆ ಯಾರಾದರೂ ಮೊದಲೇ ಬರೆದು ತಿಳಿಸಿರಬೇಕು. ತೋಟದ ಆಳುಗಳು ಕೊಂಬೆ ನೆಟ್ಟರು, ಬರೆದು ಕೊಡಲಿಲ್ಲ. ದಿನವೂ ಆ ದಾರಿಯಲ್ಲಿ ಓಡಾಡುತ್ತಿದ್ದ ನಾನೂ ಬರೆದು ಕೊಡಲಿಲ್ಲ. ಮುರಿದ ಪಟ್ಟಿಯನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೆನೋ! ನಮ್ಮವನು ಬಿದ್ದ ಮೇಲೆ ಅದು ಎಷ್ಟು ದಿನದಿಂದ ಮುರಿದಿತ್ತೆಂದು ಕಚೇರಿಯಲ್ಲಿ ಕೇಳಿದವನಿಗೆ, ಬೀಳುವ ಮೊದಲು ಕೇಳುವ ಬುದ್ಧಿ ಬರಲಿಲ್ಲ.

*

ನಮ್ಮ ನಾಡಿನ ಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವ ಸಂಸ್ಕೃತ ಶ್ಲೋಕವೊಂದುಂಟು. ದಾನ ಮಾಡುವುದು, ಮಾಡಿದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾದವನಿಗೆ ಅಳಿವಿಲ್ಲದ ಪದವಿ ಎಂದು ಅದರ ತಾತ್ಪರ್ಯ. ಕೆರೆ ಕಟ್ಟಿಸಿದ ಅರಸನ ಕಲ್ಲಿನ ಮೇಲೆಯೇ, ಕಟ್ಟಿಸಿದವನಿಗಿಂತ ಹೂಳು ತೆಗೆಯುವವನು ದೊಡ್ಡವನೆಂದು ಬರೆದಂತೆ. ಅಂದಿನವರು ಅದರಂತೆಯೇ ನಡೆದರೆಂದು ನಾನು ಹೇಳಲಾರೆ. ಪದೇ ಪದೇ ಬರೆಯಬೇಕಾಗಿ ಬಂತೆಂದರೆ ನಡೆಯದವರು ಬಹಳ ಮಂದಿ ಇದ್ದರೆಂದೇ ಅರ್ಥ. ಈಗ ನಮ್ಮ ರಸ್ತೆಗಳ ಬದಿಯಲ್ಲಿಯೂ ಕಲ್ಲುಗಳುಂಟು. ಶಂಕುಸ್ಥಾಪನೆ ಯಾರಿಂದ, ಉದ್ಘಾಟನೆ ಯಾರಿಂದ, ಅಧ್ಯಕ್ಷತೆ ಯಾರದು, ಎಲ್ಲವೂ ನುಣುಪಾದ ಕರಿಕಲ್ಲಿನ ಮೇಲೆ ಚಿನ್ನದ ಬಣ್ಣದಲ್ಲಿದೆ. ಕಾಯುವವನ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

ದೊಡ್ಡ ಸುಧಾರಣೆಗಳನ್ನು ಸೂಚಿಸುವ ಯೋಗ್ಯತೆ ನನಗಿಲ್ಲ. ಆದರೆ ಒಂದೊಂದು ತಿರುವಿನಲ್ಲೂ, ಆ ತುಂಡನ್ನು ಕಾಯುವ ಕಚೇರಿ ಯಾವುದು, ಅದನ್ನು ಕೊನೆಯ ಸಲ ನೋಡಿದ ದಿನ ಯಾವುದು ಎಂದು ಒಂದು ಸಣ್ಣ ಕಲ್ಲಿನ ಮೇಲೆ ಬರೆದಿದ್ದರೆ ಸಾಕೆನಿಸುತ್ತದೆ. ನಮ್ಮ ಹಳ್ಳದ ಸಂಕಕ್ಕೆ ಕಲ್ಲೂ ಇರಲಿಲ್ಲ. ಈ ವರ್ಷ ಅದು ಯಾರದೆಂದು ಶಾಲೆಯ ಮಕ್ಕಳಿಗೆ ಗೊತ್ತಿತ್ತು.

ಮೊನ್ನೆ ಆ ತಿರುವಿನಲ್ಲಿ ಇಳಿದು ನೋಡಿದೆ. ಹೊಸ ಪಟ್ಟಿ ಹಾಕಿದ್ದಾರೆ, ನೆಟ್ಟಗಿದೆ. ಎರಡನೆಯ ಕಂಬದಲ್ಲಿ ಒಂದು ಬೋಲ್ಟು ಇಲ್ಲ. ಮನೆಗೆ ಬಂದು ಕಾಗದ ತೆಗೆದುಕೊಂಡು, ಸ್ಥಳ, ದಿನಾಂಕ, ಕಂಬದ ಸಂಖ್ಯೆ ಸಹಿತ ಬರೆದು, ಎರಡು ಕಚೇರಿಗಳಿಗೂ ಒಂದೊಂದು ಪ್ರತಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ನನ್ನ ತಮ್ಮ ಪಕ್ಕದ ಬೆಂಚಿನಲ್ಲಿ ಕೋಲು ಊರಿ ಕುಳಿತಿದ್ದ. “ಒಂದು ಬೋಲ್ಟಿಗೆ ಇಷ್ಟೆಲ್ಲ ಯಾಕಣ್ಣ?” ಎಂದು ಕೇಳಿದ. ಇನ್ನು ಮೇಲೆ ಗೊತ್ತಿರಲಿಲ್ಲವೆಂದು ಯಾರೂ ಹೇಳಬಾರದಲ್ಲ, ಎಂದೆ.